ಚಳಿಯಲ್ಲಿ ಸೈಕಲ್ಲು: ಏರಲ್ಲಿ ಬೆವರು, ಇಳಿಜಾರಲ್ಲಿ ನಡುಕ, ಏನು ಹಾಕ್ಕೋಬೇಕು?

ಬೆಳಗಿನ_ಪೆಡಲ್:

ಎಲ್ಲರಿಗೂ ನಮಸ್ಕಾರ. ಸೈಕಲ್ ಹಿಡಿದು ಒಂದೂವರೆ ವರ್ಷ ಆಯ್ತು, ಬಿಸಿಲು ಮಳೆ ಎರಡರಲ್ಲೂ ಓಡಿಸಿ ಅಭ್ಯಾಸ ಇದೆ, ಆದ್ರೆ ಈ ಚಳಿಗೆ ಹೇಗೆ ಬಟ್ಟೆ ಹಾಕ್ಕೋಬೇಕು ಅನ್ನೋದು ಮಾತ್ರ ಇನ್ನೂ ಗೊತ್ತಾಗ್ತಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಡ್ತೀನಿ, ಆಗ 5-6 ಡಿಗ್ರಿ ಇರುತ್ತೆ, ವಾಪಸ್ ಬರೋ ಹೊತ್ತಿಗೆ 12-13 ಆಗಿರುತ್ತೆ. ಒಟ್ಟು 35 ಕಿಲೋಮೀಟರ್, ಮಧ್ಯದಲ್ಲಿ ಒಂದು ಉದ್ದದ ಏರು, ಅದು ಮುಗಿದ ತಕ್ಷಣ ಅಷ್ಟೇ ಉದ್ದದ ಇಳಿಜಾರು.

ಈಗ ಹಾಕ್ಕೊಳ್ತಿರೋದು ಒಳಗೆ ಕಾಟನ್ ಬನಿಯನ್, ಅದರ ಮೇಲೆ ಕಾಟನ್ ಟೀ ಶರ್ಟ್, ಆಮೇಲೆ ದಪ್ಪ ಸ್ವೆಟರ್, ಎಲ್ಲದರ ಮೇಲೆ ಮಳೆಗೆ ಅಂತ ತಗೊಂಡಿದ್ದ ರೈನ್ ಜಾಕೆಟ್. ಕೆಳಗೆ ಟ್ರ್ಯಾಕ್ ಪ್ಯಾಂಟ್, ಕೈಗೆ ಉಣ್ಣೆ ಗ್ಲೌಸ್. ಮನೆ ಬಾಗಿಲಲ್ಲಿ ನಿಂತಾಗ ಆಹಾ ಎಷ್ಟು ಬೆಚ್ಚಗಿದೆ ಅನ್ಸುತ್ತೆ. ಹತ್ತೇ ನಿಮಿಷಕ್ಕೆ ಬೆವರು ಕಿತ್ಕೊಂಡು ಬರೋಕೆ ಶುರು, ಏರು ಮುಗಿಸೋ ಹೊತ್ತಿಗೆ ಬನಿಯನ್ ಹಿಂಡಿದ್ರೆ ನೀರು ಬರುತ್ತೆ.

ಹೋದ ಭಾನುವಾರ ಆಗಿದ್ದು ಹೇಳ್ತೀನಿ. ಏರಿನ ತುದೀಲಿ ಸೆಕೆ ತಡೆಯೋಕಾಗದೆ ಜಾಕೆಟ್ ಬಿಚ್ಚಿ ಎರಡು ನಿಮಿಷ ನಿಂತೆ, ಮೈಯಿಂದ ಹೊಗೆ ಹೊಗೆಯಾಗಿ ಹಬೆ ಏಳ್ತಿತ್ತು. ಮತ್ತೆ ಜಾಕೆಟ್ ಹಾಕ್ಕೊಂಡು ಇಳಿಯೋಕೆ ಶುರು ಮಾಡಿದೆ, ಅರ್ಧ ದಾರಿಗೆ ಬೆನ್ನು ಮಂಜುಗಡ್ಡೆ ಇಟ್ಟ ಹಾಗೆ ಕೊರೀತಿತ್ತು, ಹಲ್ಲು ಕಟಕಟ, ಮೈ ನಡುಗಿ ಹ್ಯಾಂಡಲ್ಲೇ ಅಲ್ಲಾಡ್ತಿತ್ತು. ಬೆರಳು ಮರಗಟ್ಟಿ ಬ್ರೇಕ್ ಲಿವರ್ ಮೇಲೆ ಇದೆಯೋ ಇಲ್ವೋ ಅನ್ನೋದೇ ತಿಳೀಲಿಲ್ಲ, ಕಣ್ಣಲ್ಲಿ ನೋಡಿ ಒತ್ತಬೇಕಾಯ್ತು. ಮನೆಗೆ ಬಂದು ಹೆಲ್ಮೆಟ್ ಬಕಲ್ ಬಿಚ್ಚೋಕೆ ಆಗದೆ ಮನೆಯವರೇ ಬಿಚ್ಚಿ ಕೊಟ್ರು. ಆಮೇಲೆ ಬೆರಳಿಗೆ ರಕ್ತ ವಾಪಸ್ ಬರೋವಾಗ ಆದ ನೋವು ಇದ್ಯಲ್ಲ, ಕಣ್ಣಲ್ಲಿ ನೀರು ಬಂತು.

ಇನ್ನೂ ದಪ್ಪ ಜಾಕೆಟ್ ತಗೋಬೇಕಾ? ಗ್ಲೌಸ್ ಎಂಥದ್ದು? ದಯವಿಟ್ಟು ಅನುಭವ ಇರೋರು ಹೇಳಿ, ಚಳಿಗಾಲ ಅಂತ ಸೈಕಲ್ ಮೂಲೆಗೆ ಇಡೋಕೆ ನನಗೆ ಇಷ್ಟ ಇಲ್ಲ.

ಹಳೇ_ಚೈನ್:

ದಪ್ಪ ಜಾಕೆಟ್ ತಗೋಬೇಡಿ. ನಿಮ್ಮ ತೊಂದರೆ ಬಟ್ಟೆ ಕಮ್ಮಿ ಆಗಿದ್ದಲ್ಲ, ಜಾಸ್ತಿ ಆಗಿದ್ದು. ಒದ್ದೆ ಆಗಿದ್ದಕ್ಕೆ ನಡುಕ ಬಂತು, ಒದ್ದೆ ಆಗಿದ್ದು ಬೆವರಿಂದ, ಬೆವರು ಬಂದಿದ್ದು ಹೊರಡೋವಾಗಲೇ ಬೆಚ್ಚಗಿದ್ದಿದ್ದಕ್ಕೆ.

ಸ್ವಲ್ಪ ಲೆಕ್ಕ ಹೇಳ್ತೀನಿ, ಇದು ತಲೆಗೆ ಹೋದ್ರೆ ಉಳಿದಿದ್ದೆಲ್ಲ ತಾನಾಗೇ ಗೊತ್ತಾಗುತ್ತೆ. ನಾವು ತಿಂದಿದ್ದರಲ್ಲಿ ಪೆಡಲ್‌ಗೆ ಹೋಗೋದು ನಾಲ್ಕರಲ್ಲಿ ಒಂದು ಭಾಗವೋ ಐದರಲ್ಲಿ ಒಂದು ಭಾಗವೋ ಅಷ್ಟೆ, ಉಳಿದಿದ್ದೆಲ್ಲ ಶಾಖ. ಅಂದ್ರೆ ನೀವು 100 ವ್ಯಾಟ್ ಹಾಕಿ ತುಳೀತಿದ್ರೆ ಮೈಯಲ್ಲಿ 300ರಿಂದ 400 ವ್ಯಾಟ್ ಶಾಖ ಹುಟ್ಟುತ್ತೆ. ಸುಮ್ನೆ ಕೂತಾಗ ಅದು 100 ವ್ಯಾಟ್ ಆಸುಪಾಸು. ಈಗ ನಿಮ್ಮ ದಾರಿ ನೋಡಿ. ಏರಲ್ಲಿ ಒಲೆ ಜೋರಾಗಿ ಉರೀತಿದೆ, ಗಾಳಿನೇ ಇಲ್ಲ ಯಾಕಂದ್ರೆ ವೇಗ ಗಂಟೆಗೆ 8-10 ಕಿಲೋಮೀಟರ್ ಅಷ್ಟೆ. ಇಳಿಜಾರಲ್ಲಿ ತುಳಿಯೋದು ನಿಲ್ಲುತ್ತೆ, ಒಲೆ ಆರಿತು, ಗಾಳಿ ಮಾತ್ರ 40ರ ವೇಗದಲ್ಲಿ ಎದೆಗೆ ಬಡೀತಿದೆ. 5 ಡಿಗ್ರಿ ಇದ್ದಾಗ 25ರ ವೇಗದಲ್ಲಿ ಹೋದ್ರೆ ಚರ್ಮಕ್ಕೆ ಅದು ಸೊನ್ನೆ ಹತ್ತಿರ ಇದ್ದ ಹಾಗೆ, 40ಕ್ಕೆ ಸೊನ್ನೆಗಿಂತ ಕೆಳಗೆ. ಇದು ಒಣಗಿದ ಚರ್ಮದ ಮಾತು. ಒದ್ದೆ ಮೈ ಅಂದ್ರೆ ಇನ್ನೂ ಕಷ್ಟ, ನಿಂತ ಗಾಳಿಗಿಂತ ನೀರು ಶಾಖ ಸಾಗಿಸೋದು ಸುಮಾರು 25 ಪಟ್ಟು ಜಾಸ್ತಿ, ಜೊತೆಗೆ ಬೆವರು ಆರೋವಾಗ ಮೈಯ ಶಾಖನೇ ಎಳ್ಕೊಂಡು ಆರುತ್ತೆ.

ಕಾಟನ್ ಬನಿಯನ್ ಇವತ್ತೇ ಬಿಟ್ಬಿಡಿ. ಸೆಕೆಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಯಾಕಂದ್ರೆ ನೀರು ಹೀರ್ಕೊಂಡು ತನ್ನಲ್ಲೇ ಇಟ್ಕೊಳ್ಳುತ್ತೆ, ಚಳಿಗೆ ಬೇಡ ಅನ್ನೋದೂ ಅದೇ ಕಾರಣಕ್ಕೆ. ಮೈಗೆ ಅಂಟ್ಕೊಂಡು ಇರೋ ತೆಳ್ಳಗಿನ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ ಬನಿಯನ್ ಸಾಕು. ಸಡಿಲ ಇರಬಾರದು, ಮೈಗೆ ತಾಗಿದ್ರೆ ಮಾತ್ರ ಅದು ಬೆವರನ್ನ ಎತ್ತಿ ಆಚೆ ದಾಟಿಸೋದು.

ಅದರ ಮೇಲೆ ಒಳಗಡೆ ಜುಂಗು ಇರೋ ಫುಲ್ ತೋಳಿನ ಜೆರ್ಸಿ. ಅದರ ಮೇಲೆ ಎದೆ ಭಾಗ ಗಾಳಿ ತಡೆಯೋ, ಬೆನ್ನು ಭಾಗ ಜಾಲರಿ ಇರೋ ತೋಳಿಲ್ಲದ ವೆಸ್ಟ್. ಚಳಿಗೆ ನಾನು ಒಂದೇ ಒಂದು ಬಟ್ಟೆ ಇಟ್ಕೋಬಹುದು ಅಂದ್ರೆ ಈ ವೆಸ್ಟ್ ಇಟ್ಕೋತೀನಿ. ಗಾಳಿ ಬಡಿಯೋದು ಎದೆಗೆ, ಬೆವರು ಬರೋದು ಬೆನ್ನಿಗೆ, ಈ ಬಟ್ಟೆ ಎರಡನ್ನೂ ನೋಡ್ಕೊಳ್ಳುತ್ತೆ. ಮಡಚಿದ್ರೆ ಮುಷ್ಟಿಯಷ್ಟು ಆಗುತ್ತೆ, ಜೆರ್ಸಿ ಹಿಂದಿನ ಜೇಬಿಗೆ ಹೋಗುತ್ತೆ.

ನಿಮ್ಮ ರೈನ್ ಜಾಕೆಟ್ ಒಳಗಿನ ಆವಿ ಆಚೆ ಬಿಡಲ್ಲ, ನೀವೇ ಒಳಗೆ ಬೆಂದ ಹಾಗೆ ಆಗ್ತಿದೆ. ಅದನ್ನ ಮಳೆಗೆ ಮಾತ್ರ ಇಟ್ಕೊಳ್ಳಿ.

ಇನ್ನೊಂದು, ಹೊರಡೋವಾಗ ಮೊದಲ ಹತ್ತು ನಿಮಿಷ ಚಳಿ ಆಗಬೇಕು. ನಡುಕ ಅಲ್ಲ, ಅಯ್ಯೋ ಇನ್ನೊಂದು ಬಟ್ಟೆ ಹಾಕ್ಕೊಂಡಿದ್ರೆ ಚೆನ್ನಾಗಿತ್ತು ಅನ್ನೋ ಅಷ್ಟು. ಬಾಗಿಲಲ್ಲೇ ಹಿತವಾಗಿದ್ರೆ ಒಂದು ಬಟ್ಟೆ ತೆಗೆದಿಟ್ಟು ಹೊರಡಿ. ಏರು ಶುರು ಆಗೋ 200 ಮೀಟರ್ ಮುಂಚೆನೇ ಜಿಪ್ ಎದೆವರೆಗೆ ಇಳಿಸಿ, ಬೆವರು ಬಂದ ಮೇಲೆ ಇಳಿಸಿದ್ರೆ ತಡ ಆಯ್ತು ಅಂತ. ತುದೀಲಿ ಒಂದು ಕಾಲು ಊರಿ ನಿಂತು, ವೆಸ್ಟ್ ಜಿಪ್ ಗಂಟಲವರೆಗೆ ಏರಿಸಿ, ಆಮೇಲೆ ಇಳೀರಿ. ಇಳಿಜಾರಲ್ಲೂ ಸುಮ್ನೆ ಕೂರಬೇಡಿ, ಬ್ರೇಕ್ ಹಿಡ್ಕೊಂಡೇ ಕಾಲು ಆಡಿಸ್ತಾ ಇರಿ.

ಏರು_ಇಳುಕಲು:

ಹಳೇ ಚೈನ್ ಹೇಳಿದ್ದು ಅಕ್ಷರಶಃ ನಿಜ. ಇಳಿಜಾರಿನ ಬಗ್ಗೆ ಒಂದು ಸೇರಿಸ್ತೀನಿ, ನನಗೆ ಈ ವಿಷಯ ಬಂದಾಗೆಲ್ಲ ನೆನಪಾಗೋದು 1988ರ ಜೂನ್ 5, ಇಟಲಿಯ ಜೀರೋ ದಿ ಇಟಾಲಿಯಾ ಅನ್ನೋ ಮೂರು ವಾರದ ಸೈಕಲ್ ರೇಸಲ್ಲಿ ಗಾವಿಯಾ ಘಟ್ಟ ದಾಟಿದ ದಿನ. 2,600 ಮೀಟರ್‌ಗಿಂತ ಎತ್ತರ, ಕೆಳಗೆ ಮಳೆ, ಮೇಲೆ ಹೋಗ್ತಾ ಹಿಮ. ಯೋಹಾನ್ ಫಾನ್ ಡರ್ ವೆಲ್ಡ ಅನ್ನೋ ಡಚ್ ಸವಾರ ಗಿಡ್ಡ ತೋಳಿನ ಜೆರ್ಸಿಯಲ್ಲೇ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ. ಹತ್ತೋವಾಗ ಮೈ ಬಿಸಿ ಇತ್ತು ನೋಡಿ. ಇಳಿಯೋಕೆ ಶುರು ಮಾಡಿದ ಮೇಲೆ ಚಳಿ ಹಿಡ್ಕೊಂಡು ಮುಂದೆ ಹೋಗೋಕಾಗದೆ ದಾರೀಲೇ ನಿಂತು ಮೈ ಕಾಯಿಸ್ಕೊಳ್ಳಬೇಕಾಯ್ತು, ಗುರಿ ಮುಟ್ಟೋ ಹೊತ್ತಿಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಹಿಂದೆ. ಅಮೆರಿಕದ ಸವಾರ ಆ್ಯಂಡಿ ಹ್ಯಾಂಪ್‌ಸ್ಟನ್ ತಂಡದವರು ಅವತ್ತು ಬೆಳಿಗ್ಗೆ ಹವಾಮಾನ ಕೇಳಿ ಅಂಗಡಿಗೆ ಹೋಗಿ ಬೆಚ್ಚಗಿನ ಬಟ್ಟೆ, ಗ್ಲೌಸ್ ಕೊಂಡು ತಂದಿದ್ರು. ಅವತ್ತಿನ ಸ್ಟೇಜ್, ಅಂದ್ರೆ ಆ ಒಂದು ದಿನದ ಓಟ, ಗೆದ್ದಿದ್ದು ಎರಿಕ್ ಬ್ರೂಕಿಂಕ್, ಆದ್ರೆ ಒಟ್ಟಾರೆ ಮುಂದಿರೋರಿಗೆ ಕೊಡೋ ಗುಲಾಬಿ ಜೆರ್ಸಿ ಬಂದಿದ್ದು ಹ್ಯಾಂಪ್‌ಸ್ಟನ್‌ಗೆ, ಕೊನೆಗೆ ಇಡೀ ರೇಸ್ ಗೆದ್ದಿದ್ದೂ ಅವರೇ. ಅಷ್ಟು ಪಳಗಿದ ದೇಹಗಳಿಗೇ ಇಳಿಜಾರಲ್ಲಿ ಆ ಗತಿ ಆಯ್ತು ಅಂದ್ಮೇಲೆ ನಾವು ತುದೀಲಿ ನಿಂತು ಒಂದು ಬಟ್ಟೆ ಸೇರಿಸೋದಕ್ಕೆ ಸೋಮಾರಿತನ ಮಾಡಬಾರದು.

ವೆಸ್ಟ್ ಇಲ್ಲದಿದ್ರೆ ಹಳೇ ಉಪಾಯ ಒಂದಿದೆ, ನ್ಯೂಸ್‌ಪೇಪರ್. ಜೆರ್ಸಿ ಮತ್ತು ಬನಿಯನ್ ನಡುವೆ ಎದೆಗೆ ನಾಲ್ಕು ಹಾಳೆ ತುರುಕಿ. ಹಿಂದಿನ ಕಾಲದ ರೇಸರ್‌ಗಳು ಘಟ್ಟದ ತುದೀಲಿ ಪೇಪರ್ ಇಸ್ಕೊಂಡು ಇದನ್ನೇ ಮಾಡ್ತಿದ್ರು. ಗಾಳಿ ನಿಲ್ಲುತ್ತೆ, ಪದರದ ಮಧ್ಯೆ ಗಾಳಿ ಸಿಕ್ಕಿ ಬೆಚ್ಚಗಿರುತ್ತೆ, ಸ್ವಲ್ಪ ಬೆವರೂ ಹೀರುತ್ತೆ, ಕೆಳಗೆ ಬಂದ ಮೇಲೆ ತೆಗೆದ್ರೆ ಆಯ್ತು. ನಾನು ಈಗಲೂ ಮಾಡ್ತೀನಿ.

ಒಂದು ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಪಾಲಿಯೆಸ್ಟರ್ ಆದ್ರೂ ಆಯ್ತು ಮೆರಿನೋ ಆದ್ರೂ ಆಯ್ತು ಅಂದ್ರಲ್ಲ, ನಿಮ್ಮ ಹಾಗೆ ಏರು ಇಳಿಜಾರು ಇರೋ ದಾರಿಗೆ ಮೆರಿನೋನೇ ಸರಿ. ಪಾಲಿಯೆಸ್ಟರ್ ನೂಲು ತನ್ನ ತೂಕದ 1 ಶೇಕಡಾ ನೀರೂ ಒಳಗೆ ತಗೊಳಲ್ಲ, ಎಲ್ಲಾ ಹೊರಮೈಲೇ ನಿಲ್ಲುತ್ತೆ, ಬೇಗ ಆರುತ್ತೆ ನಿಜ ಆದ್ರೆ ಆ ಆರೋ ಹೊತ್ತಲ್ಲೇ ಇಳಿಜಾರು ಬಂದ್ರೆ ಚಳ್ ಅನ್ನುತ್ತೆ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಭಾಗದಷ್ಟು ಆವಿ ನೂಲಿನ ಒಳಗೇ ಇಟ್ಕೊಂಡೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ. ಒಣಗೋಕೆ ನಿಧಾನ, ಬೇಗ ಹರಿಯುತ್ತೆ, ಅದು ಒಪ್ಪಿದೆ.

ಉಣ್ಣೆದಾರ:

ಬೆಳಗಿನ ಪೆಡಲ್ ಅವರೇ, ನಿಮ್ಮ ಬೆರಳಿನ ಕಥೆ ಓದಿ ನನ್ನ ಕೈ ತಾನಾಗೇ ಮುದುಡ್ಕೊಳ್ತು. ಬಟ್ಟೆ ಬಗ್ಗೆ ಅವರಿಬ್ಬರು ಹೇಳಿದಾರೆ, ನಾನು ಕೈ ಬಗ್ಗೆ ಬರೀತೀನಿ, ಯಾಕಂದ್ರೆ ನನಗೆ ಹದಿನೈದು ವರ್ಷದಿಂದ ಇದೇ ಕಾಟ.

ಮೊದಲು ತಿಳ್ಕೋಬೇಕಾದ್ದು, ಮೈಗೆ ಚಳಿ ಆದ್ರೆ ದೇಹ ಮೊದಲು ಕೈಕಾಲಿನ ರಕ್ತ ಕಮ್ಮಿ ಮಾಡುತ್ತೆ, ಎದೆ ಹೊಟ್ಟೆ ಒಳಗಿನ ಅಂಗಾಂಗ ಬೆಚ್ಚಗಿಡೋಕೆ. ಹಾಗಾಗಿ ಎದೆ ಒದ್ದೆ ಆಗಿ ತಣ್ಣಗಿದ್ರೆ ಎಂಥಾ ದುಬಾರಿ ಗ್ಲೌಸ್ ಹಾಕಿದ್ರೂ ಬೆರಳು ಬೆಚ್ಚಗಾಗಲ್ಲ. ಗ್ಲೌಸ್ ಶಾಖ ಹುಟ್ಟಿಸಲ್ಲ, ಇರೋದನ್ನ ಕಾಪಾಡುತ್ತೆ ಅಷ್ಟೆ. ಮಣಿಕಟ್ಟಿನ ಹತ್ರ ತೋಳಿಗೂ ಗ್ಲೌಸ್‌ಗೂ ಮಧ್ಯೆ ಒಂದು ಇಂಚು ಚರ್ಮ ಕಾಣ್ತಿದ್ರೂ ಬೆರಳಿಗೆ ಹೋಗೋ ರಕ್ತ ಅಲ್ಲೇ ತಣ್ಣಗಾಗುತ್ತೆ, ಅದನ್ನ ಮುಚ್ಚಿ. ನನಗೆ ಅತಿ ಹೆಚ್ಚು ಫರಕ್ ಆಗಿದ್ದು ಇದೊಂದರಿಂದಲೇ, ಹಳೇ ಸಾಕ್ಸ್ ತುದಿ ಕತ್ತರಿಸಿ ಮಣಿಕಟ್ಟಿಗೆ ಏರಿಸ್ಕೊಂಡಿದ್ದು.

ಹೆಣೆದ ಉಣ್ಣೆ ಗ್ಲೌಸ್ ಒಂದೇ ಹಾಕಿದ್ರೆ ಗಾಳಿ ಜರಡಿ ಥರ ಒಳಗೆ ನುಗ್ಗುತ್ತೆ. ಅದನ್ನ ಬಿಸಾಕಬೇಡಿ, ಅದರ ಮೇಲೆ ಗಾಳಿ ತಡೆಯೋ ತೆಳು ಹೊರಗವಸು ಹಾಕಿ. ಬಿಗಿ ಇರಬಾರದು, ಒಳಗೆ ಬೆರಳು ಆಡಿಸೋಕೆ ಜಾಗ ಇರಬೇಕು, ಬಿಗಿ ಆದ್ರೆ ರಕ್ತನೂ ಓಡಲ್ಲ ಬೆಚ್ಚಗಿನ ಗಾಳಿಗೂ ಜಾಗ ಇಲ್ಲ. 0 ಡಿಗ್ರಿ ಆಸುಪಾಸಿಗೆ ಏಡಿ ಕೊಂಬಿನ ಥರ ಎರಡೆರಡು ಬೆರಳು ಒಟ್ಟಿಗೆ ಕೂರೋ ಗ್ಲೌಸ್ ಬರುತ್ತೆ, ಬೆರಳಿಗೆ ಬೆರಳು ತಾಗಿ ಬೆಚ್ಚಗಿರುತ್ತೆ, ಬ್ರೇಕೂ ಹಿಡಿಯಬಹುದು. ಅದಕ್ಕೂ ಬಗ್ಗದ ಚಳಿ ಆದ್ರೆ ಹ್ಯಾಂಡಲ್‌ಗೇ ಕಟ್ಟೋ ಚೀಲ ಬರುತ್ತೆ, ತೆಳು ಗ್ಲೌಸ್ ಹಾಕಿ ಕೈ ಅದರೊಳಗೆ ತೂರಿಸೋದು. ನೋಡೋಕೆ ಒಂಥರಾ ಇರುತ್ತೆ, ಆದ್ರೆ ಬೆರಳಿಗಿಂತ ದೊಡ್ಡದಲ್ಲ ನೋಟ.

ಹ್ಯಾಂಡಲ್ ಗಟ್ಟಿಯಾಗಿ ಹಿಡೀಬೇಡಿ. ಚಳಿಗೆ ಗೊತ್ತಿಲ್ಲದೆ ಮುಷ್ಟಿ ಬಿಗಿ ಆಗುತ್ತೆ, ಬಿಗಿ ಆದಷ್ಟೂ ರಕ್ತ ಕಮ್ಮಿ. ಹೊರಡೋ ಮುಂಚೆನೇ ಗ್ಲೌಸ್ ಮನೆಯೊಳಗೇ ಹಾಕ್ಕೊಂಡು ಐದು ನಿಮಿಷ ಓಡಾಡಿ, ತಣ್ಣಗಾದ ಕೈಯನ್ನ ಗ್ಲೌಸ್ ಒಳಗೆ ಹಾಕಿದ್ರೆ ಅರ್ಧ ಗಂಟೆ ತಣ್ಣಗೇ ಇರುತ್ತೆ. ಮರಗಟ್ಟಿದ್ರೆ ಇಳಿದು ತೋಳನ್ನ ಭುಜದಿಂದ ಜೋರಾಗಿ ಗುಂಡಗೆ ತಿರುಗಿಸಿ, ರಕ್ತ ಬೆರಳ ತುದಿಗೆ ತಳ್ಳಿದ ಹಾಗಾಗುತ್ತೆ.

ಬೆರಳು ಪೂರ್ತಿ ಬಿಳಚಿಕೊಂಡು, ಸುಣ್ಣ ಹಚ್ಚಿದ ಹಾಗೆ, ಗೆರೆ ಕೊರೆದಷ್ಟು ಸ್ಪಷ್ಟವಾಗಿ ಕಾಣ್ತಿದ್ರೆ ಅದು ಚಳಿಗೆ ಬೆರಳಿನ ರಕ್ತನಾಳ ಅತಿಯಾಗಿ ಮುದುಡೋ ರೇನಾಡ್ಸ್ ಅನ್ನೋ ತೊಂದರೆ ಇರಬಹುದು, ಫ್ರಾನ್ಸಿನ ಡಾಕ್ಟರ್ ಮಾರಿಸ್ ರೇನೋ 1862ರಲ್ಲೇ ಇದನ್ನ ವಿವರಿಸಿದ್ರು. ನನಗಿರೋದು ಅದೇ. ಡಾಕ್ಟರ್‌ಗೆ ಒಂದ್ಸಲ ತೋರಿಸಿ, ಗಟ್ಟಿ ಮನಸ್ಸು ಮಾಡಿ ಸಹಿಸ್ಕೊಳ್ಳೋ ವಿಷಯ ಅಲ್ಲ ಇದು. 1980ರಲ್ಲಿ ಬೆಲ್ಜಿಯಂನ ಲಿಯೇಜ್-ಬಾಸ್ಟೋನ್-ಲಿಯೇಜ್ ಸೈಕಲ್ ರೇಸ್ ಹಿಮದಲ್ಲಿ ನಡೀತು, 174 ಜನ ಹೊರಟು ಮುಗಿಸಿದ್ದು 21 ಜನ, ಫ್ರಾನ್ಸಿನ ಸವಾರ ಬರ್ನಾರ್ ಹಿನೋ ಒಂಬತ್ತು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ರು, ಆದ್ರೆ ಅವತ್ತು ಚಳಿ ತಿಂದ ಎರಡು ಬೆರಳು ಆಮೇಲೆ ಪೂರ್ತಿ ಸರಿ ಹೋಗಲೇ ಇಲ್ಲ. ಹಾಗಾಗಿ ಬ್ರೇಕ್ ಮೇಲೆ ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಅಂದಾಗ ದಯವಿಟ್ಟು ನಿಲ್ಲಿಸಿ, ಕೈಯನ್ನ ಕಂಕುಳಲ್ಲಿ ಇಟ್ಕೊಂಡು ನಿಂತ್ಕೊಳ್ಳಿ, ಹೊತ್ತಾದ್ರೆ ಆಗಲಿ.

ಹೆಣ್ಮಕ್ಕಳು ಯಾರಾದ್ರೂ ಓದ್ತಿದ್ರೆ ಒಂದು ಮಾತು, ಮೇಲಿನ ಬಟ್ಟೆ ಎಲ್ಲಾ ಸರಿ ಇದ್ರೂ ಒಳಗೆ ದಪ್ಪ ಪ್ಯಾಡ್ ಇರೋ ಸ್ಪೋರ್ಟ್ಸ್ ಬ್ರಾ ಒದ್ದೆ ಆದ್ರೆ ಮನೆಗೆ ಬರೋವರೆಗೂ ಆರಲ್ಲ, ಎದೆ ಮೇಲೆ ತಣ್ಣೀರ ಪಟ್ಟಿ ಹಾಕಿದ ಹಾಗಿರುತ್ತೆ. ಪ್ಯಾಡ್ ತೆಗೆಯೋಕೆ ಬರೋದು, ತೆಳ್ಳಗಿರೋದು ನೋಡ್ಕೊಳ್ಳಿ. ಇದನ್ನ ನನಗೆ ಯಾರೂ ಹೇಳಿರಲಿಲ್ಲ.

ನಿಧಾನ_ಸವಾರ:

ಇಲ್ಲಿ ಎಲ್ಲರೂ ಜೋರಾಗಿ ತುಳಿಯೋರ ಲೆಕ್ಕದಲ್ಲೇ ಹೇಳ್ತಿದೀರಿ. ನಾನು ದಿನಾ ಕೆಲಸಕ್ಕೆ ಹೋಗೋನು, 7 ಕಿಲೋಮೀಟರ್, ವೇಗ 15 ದಾಟಲ್ಲ, ಮೈ ಅಷ್ಟು ಬಿಸಿನೂ ಆಗಲ್ಲ. ನನ್ನಂಥೋರು ಚಳಿ ಅನ್ನೋ ಹಾಗೆ ಹೊರಡಿ ಅನ್ನೋ ಮಾತು ಕೇಳಿದ್ರೆ ಪೂರ್ತಿ ದಾರಿ ಚಳೀಲೇ ಹೋಗಬೇಕಾಗುತ್ತೆ. ನಾನು ದಿನಾ ಹಾಕೋ ಬಟ್ಟೆ ಮೇಲೆ ಒಂದು ತೆಳು ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್, ಕಿವಿ ಮುಚ್ಚೋ ಪಟ್ಟಿ, ಗ್ಲೌಸ್ ಅಷ್ಟೆ. ಸೈಕಲ್ ಬಟ್ಟೆ ಅಂತ ಒಂದೂ ಇಲ್ಲ. ಬೆವರು ಬರ್ತಿದೆ ಅನ್ಸಿದ್ರೆ ಬಟ್ಟೆ ಬಿಚ್ಚಲ್ಲ, ವೇಗ ಇಳಿಸ್ತೀನಿ, ಒಂದು ಗೇರ್ ಕಮ್ಮಿ.

ಬೆನ್ನಿಗೆ ಬ್ಯಾಗ್ ಹಾಕೋದು ಮಾತ್ರ ಬಿಟ್ಟೆ. ಬ್ಯಾಗ್ ಒತ್ತಿದ ಜಾಗ ಎಷ್ಟೇ ಒಳ್ಳೇ ಬಟ್ಟೆ ಇದ್ರೂ ಒದ್ದೆ, ಇಳಿಸಿದ ತಕ್ಷಣ ಅಲ್ಲೇ ಚಳಿ. ಈಗ ಹಿಂದಿನ ಕ್ಯಾರಿಯರ್‌ಗೆ ಪಕ್ಕದ ಚೀಲ ಕಟ್ಟಿದೀನಿ.

ಇನ್ನೊಂದು, ಮಡ್‌ಗಾರ್ಡ್. ಚಳಿಗಾಲದ ಬಟ್ಟೆ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು ಮಡ್‌ಗಾರ್ಡ್. ರಸ್ತೆ ಒದ್ದೆ ಇದ್ರೆ ಹಿಂದಿನ ಚಕ್ರ ಕೂರೋ ಜಾಗಕ್ಕೂ ಸೊಂಟಕ್ಕೂ ನೀರು ಎರಚುತ್ತೆ, ಮುಂದಿನ ಚಕ್ರ ನೆಟ್ಟಗೆ ಶೂ ಮೇಲೆ. ಮಳೆ ನಿಂತು ಎರಡು ಗಂಟೆ ಆಗಿದ್ರೂ ನಿಮಗೆ ಮಾತ್ರ ಮಳೆ. ಉದ್ದದ ಮಡ್‌ಗಾರ್ಡ್, ಮುಂದಿನದಕ್ಕೆ ಕೆಳಗೆ ರಬ್ಬರ್ ಪಟ್ಟಿ. ಒಣಗಿದ 0 ಡಿಗ್ರಿಗೆ ನಾನು ಹೆದರಲ್ಲ, ಮಳೆ ಸೇರಿದ 5 ಡಿಗ್ರಿಗೆ ಹೆದರ್ತೀನಿ.

ಬೆಳಗಿನ_ಪೆಡಲ್:

ಇಷ್ಟೊಂದು ಬರೆದ ಎಲ್ಲರಿಗೂ ಕೈ ಮುಗೀತೀನಿ. ಉಣ್ಣೆದಾರ ಅಕ್ಕ, ನನ್ನ ಬೆರಳು ಬಿಳಚಲಿಲ್ಲ, ಕೆಂಪಗೇ ಇತ್ತು, ಆದ್ರೂ ಗಮನ ಇಟ್ಟು ನೋಡ್ತೀನಿ. ಕಾಲಿನ ಬಗ್ಗೆ ಯಾರೂ ಹೇಳಿಲ್ಲ, ಪಾದದ ಮುಂಭಾಗ ಮರದ ಹಲಗೆ ಥರ ಆಗುತ್ತೆ, ಎರಡು ಜೊತೆ ಸಾಕ್ಸ್ ಹಾಕಿದೆ, ಇನ್ನೂ ಕೆಟ್ಟದಾಯ್ತು. ಮಂಡಿಗೆ ಏನಾದ್ರೂ ಬೇಕಾ? ಹೆಲ್ಮೆಟ್ ಒಳಗೆ ಟೋಪಿ ಹಾಕಬಹುದಾ? ಅರ್ಧ ಶಾಖ ತಲೆಯಿಂದಲೇ ಹೋಗುತ್ತೆ ಅಂತಾರಲ್ಲ?

ಹಳೇ_ಚೈನ್:

ಎರಡು ಜೊತೆ ಸಾಕ್ಸ್ ಹಾಕಿದ್ರೆ ಕೆಟ್ಟದಾಗೋದೇ, ಶೂ ಒಳಗೆ ಪಾದ ಅಮುಕಿ ರಕ್ತ ನಿಂತ್ಹೋಯ್ತು. ಶೂ ಅಷ್ಟೇ ಸೈಜ್ ಇದ್ರೆ ಒಂದೇ ಜೊತೆ ಉಣ್ಣೆ ಸಾಕ್ಸ್, ಲೇಸ್ ಸ್ವಲ್ಪ ಸಡಿಲ. ಬೆಚ್ಚಗೆ ಮಾಡೋದು ಶೂ ಹೊರಗಡೆಯಿಂದ, ಒಳಗಡೆಯಿಂದ ಅಲ್ಲ. ಸೈಕಲ್ ಶೂ ಸೆಕೆಗೆ ಮಾಡಿದ್ದು, ಮುಂದೆ ಎಲ್ಲಾ ತೂತು ಜಾಲರಿ, ಗಾಳಿ ನೇರ ಹೆಬ್ಬೆರಳಿಗೆ. 10 ಡಿಗ್ರಿವರೆಗೆ ಬೆರಳು ಮಾತ್ರ ಮುಚ್ಚೋ ಟೋ ಕವರ್ ಸಾಕು, ಅದಕ್ಕಿಂತ ಕೆಳಗೆ ಪೂರ್ತಿ ಶೂ ಮುಚ್ಚೋ ನಿಯೋಪ್ರೀನ್ (ರಬ್ಬರ್ ಥರದ ಬಟ್ಟೆ) ಕವರ್. ಪೆಡಲ್‌ಗೆ ಕಚ್ಚೋ ಕ್ಲೀಟ್ ಇರೋ ಶೂ ಆದ್ರೆ ಅಡಿಭಾಗ ನೋಡಿ, ಕ್ಲೀಟ್ ಕೂರೋ ತೂತಿನಿಂದ ಚಳಿ ಏರುತ್ತೆ, ಒಳಗಿನ ಅಟ್ಟೆ ಎತ್ತಿ ಆ ತೂತಿನ ಮೇಲೆ ಟೇಪ್ ಅಂಟಿಸಿ ಮತ್ತೆ ಅಟ್ಟೆ ಹಾಕಿ. ಎರಡು ನಿಮಿಷದ ಕೆಲಸ, ನಾನು ಅದನ್ನ ಮಾಡೋಕೆ ಮೂರು ಚಳಿಗಾಲ ತಗೊಂಡೆ. ಉದ್ದ ಏರಲ್ಲಿ ಬೇಕಿದ್ರೆ ಐದು ನಿಮಿಷ ಇಳಿದು ತಳ್ಕೊಂಡು ನಡೀರಿ, ನಡೆದ್ರೆ ಪಾದ ಮಡಚಿ ಬಿಚ್ಚಿ ರಕ್ತ ಬರುತ್ತೆ, ಪೆಡಲ್ ಮೇಲೆ ಪಾದ ಅಲ್ಲಾಡೋದೇ ಇಲ್ಲ ನೋಡಿ.

ಮಂಡಿ ಖಂಡಿತ ಮುಚ್ಚಿ. ತೊಡೇಲಿ ದೊಡ್ಡ ಸ್ನಾಯು ಇದೆ, ಕೆಲಸ ಮಾಡಿ ತನ್ನನ್ನ ತಾನೇ ಬಿಸಿ ಮಾಡ್ಕೊಳ್ಳುತ್ತೆ, ಮಂಡಿ ಮೇಲೆ ಬರೀ ಚರ್ಮ, ಮೂಳೆ, ನಾರಿನ ಥರದ ಕಟ್ಟು. ಎದುರುಗಾಳಿ ಮೊದಲು ಬಡಿಯೋದೂ ಅಲ್ಲೇ. 15 ಡಿಗ್ರಿ ಕೆಳಗೆ ಇಳಿದ್ರೆ ನಾನು ಮಂಡಿ ಮುಚ್ಚದೆ ಬಿಡಲ್ಲ, ಇನ್ನೂ ಕಮ್ಮಿ ಇದ್ದಾಗ ಒಳಗೆ ಜುಂಗು ಇರೋ ಉದ್ದ ಟೈಟ್ಸ್. ಟ್ರ್ಯಾಕ್ ಪ್ಯಾಂಟ್ ಪಟಪಟ ಹೊಡ್ಕೊಂಡು ಗಾಳಿ ಪಂಪ್ ಮಾಡುತ್ತೆ, ಚೈನಿಗೂ ಸಿಕ್ಕುತ್ತೆ. ಇದ್ದಿದ್ದರಲ್ಲಿ ಹೊಂದಿಸಬೇಕು ಅಂದ್ರೆ ಪ್ಯಾಂಟ್ ಒಳಗೆ ಸಿಂಥೆಟಿಕ್ ಲೆಗಿಂಗ್ಸ್ ಹಾಕಿ ಪಾದದ ಹತ್ರ ಪಟ್ಟಿ ಕಟ್ಟಿ.

ತಲೆಯಿಂದ ಅರ್ಧ ಶಾಖ ಅನ್ನೋದು ಸುಳ್ಳು. ತಲೆ ಮೈಯ ಮೇಲ್ಮೈಯಲ್ಲಿ ಹತ್ತರಲ್ಲಿ ಒಂದು ಭಾಗದಷ್ಟೂ ಇಲ್ಲ, ಶಾಖ ಹೋಗೋದೂ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಕಿವಿ ಮತ್ತು ಹಣೆಗೆ ಚಳಿ ಚುರುಕು ಮುಟ್ಟಿಸುತ್ತೆ. ತೆಳು ಟೋಪಿ ಹಾಕಬಹುದು, ಹೆಲ್ಮೆಟ್ ಮೊದಲಿನ ಹಾಗೇ ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ನೆಟ್ಟಗೆ ಕೂತಿದ್ರೆ ಸರಿ, ಟೋಪಿ ದಪ್ಪಕ್ಕೆ ಮೇಲೆ ಎದ್ದು ಕೂತ್ರೆ ಆ ಟೋಪಿ ಬೇಡ. ಸ್ಟ್ರ್ಯಾಪ್ ಮತ್ತೆ ಅಳತೆ ಮಾಡ್ಕೊಳ್ಳಿ. ನನಗೆ ಟೋಪಿಗಿಂತ ಕಿವಿ ಪಟ್ಟಿ ಇಷ್ಟ, ನೆತ್ತಿ ಖಾಲಿ ಇರೋದ್ರಿಂದ ಸೆಕೆ ಹೋಗುತ್ತೆ.

ಏರು_ಇಳುಕಲು:

ಕೊರಳಿಗೆ ಕೊಳವೆ ಥರದ ಬಟ್ಟೆ ಒಂದು ತಗೊಳ್ಳಿ, ಕತ್ತಿನ ಹತ್ರ ಜಿಪ್ ಸಂದಿಯಿಂದ ನುಗ್ಗೋ ಗಾಳಿ ನಿಲ್ಲುತ್ತೆ. ಇಳಿಜಾರಲ್ಲಿ ಮೂಗಿನ ಮೇಲೆ ಎಳ್ಕೊಂಡ್ರೆ ಉಸಿರಾಡೋ ಗಾಳಿ ಸ್ವಲ್ಪ ಬೆಚ್ಚಗೆ, ಹಸಿಯಾಗಿ ಹೋಗುತ್ತೆ. ತಣ್ಣನೆ ಒಣ ಗಾಳಿ ಜೋರಾಗಿ ಎಳ್ಕೊಂಡ್ರೆ ಕೆಲವರಿಗೆ ಎದೆ ಬಿಗಿದು ಕೆಮ್ಮು ಬರುತ್ತೆ, ಆಸ್ತಮಾ ಇರೋರಿಗಂತೂ ಇದು ಬೇಕೇ ಬೇಕು. ಕನ್ನಡಕ ಹಾಕಿದ್ರೆ ಆ ಬಟ್ಟೆ ಮೂಗಿನ ಕೆಳಗೇ ಇಟ್ಕೊಳ್ಳಿ, ಇಲ್ಲಾಂದ್ರೆ ಗಾಜಿಗೆ ಹಬೆ ಕೂರುತ್ತೆ. ಕನ್ನಡಕ ಮಾತ್ರ ಬಿಡಬೇಡಿ, ಬಿಳಿ ಗಾಜಿನದು ಸಾಕು, ಚಳಿ ಗಾಳಿಗೆ ಕಣ್ಣಲ್ಲಿ ನೀರು ಸುರಿದು ರಸ್ತೆನೇ ಕಾಣಲ್ಲ.

ನೀರು ಕುಡಿಯೋದು ಮರೀಬೇಡಿ, ಚಳಿಗೆ ಬಾಯಾರಿಕೆ ಗೊತ್ತಾಗಲ್ಲ, ಬೆವರು ಮಾತ್ರ ಹೋಗ್ತಾನೇ ಇರುತ್ತೆ. ಆಮೇಲೆ ಒಗೆಯೋವಾಗ ಈ ಬಟ್ಟೆಗಳಿಗೆ ಕಂಫರ್ಟ್ ಥರದ ಸುವಾಸನೆ ದ್ರವ ಹಾಕಬೇಡಿ, ನೂಲಿನ ಮೇಲೆ ಅಂಟಿ ಬೆವರು ಎಳೆಯೋ ಗುಣ ಹಾಳಾಗುತ್ತೆ.

ಕತ್ತಲೆ_ದಾರಿ:

ಒಂದೇ ಮಾತು. ಆರು ಗಂಟೆ ಅಂದ್ರಿ, ಚಳಿಗಾಲದಲ್ಲಿ ಅದು ಕತ್ತಲೆ, ಮಂಜು ಬೇರೆ. ಕಪ್ಪು ಜಾಕೆಟ್ ತಗೋಬೇಡಿ. ಬೆಳಕು ಬಿದ್ರೆ ಮಿಂಚೋ ಪಟ್ಟಿ ಬೆನ್ನಿಗಿಂತ ಮೊದಲು ಎರಡು ಪಾದದ ಗಂಟಿಗೆ ಕಟ್ಟಿ. ಕಾಲು ಮೇಲೆ ಕೆಳಗೆ ಆಡ್ತಿರೋದ್ರಿಂದ ಹಿಂದೆ ಬರೋ ಗಾಡಿಯೋರಿಗೆ ಅದು ಸೈಕಲ್, ಮನುಷ್ಯ ಅಂತ ದೂರದಿಂದಲೇ ಗೊತ್ತಾಗುತ್ತೆ. ಉದ್ದ ಜಾಕೆಟ್ ಸೀಟಿನ ಹಿಂದೆ ಜೋತು ಬಿದ್ದು ಹಿಂದಿನ ಲೈಟ್ ಮುಚ್ತಾ ಇದೆಯಾ ಅಂತ ಯಾರ ಹತ್ರನಾದ್ರೂ ನಿಂತು ನೋಡಿಸಿ, ನನ್ನದು ಒಂದು ತಿಂಗಳು ಮುಚ್ಚಿತ್ತು, ನನಗೆ ಗೊತ್ತೇ ಇರಲಿಲ್ಲ.

3 ಡಿಗ್ರಿಗಿಂತ ಕೆಳಗೆ ತೋರಿಸ್ತಿದ್ರೆ, ರಾತ್ರಿ ಆಕಾಶ ತಿಳಿಯಾಗಿದ್ರೆ, ರಸ್ತೆ ಮೇಲೆ ಕಾಣದ ಐಸ್ ಇರಬಹುದು, ಸೇತುವೆ ಮೇಲೆ ಇನ್ನೂ ಜಾಸ್ತಿ. ಅವತ್ತು ಬಿಸಿಲು ಬಂದ ಮೇಲೆ ಹೊರಡಿ.

ಬೆಳಗಿನ_ಪೆಡಲ್:

ಎರಡು ವಾರ ಆದ ಮೇಲೆ ಬರೀತಿದೀನಿ. ಎಲ್ಲ ಒಟ್ಟಿಗೆ ಕೊಳ್ಳೋಕೆ ಆಗಲಿಲ್ಲ, ಗಾಳಿ ತಡೆಯೋ ವೆಸ್ಟ್ ಒಂದು, ಮೆರಿನೋ ಬನಿಯನ್ ಒಂದು ತಗೊಂಡೆ. ಸ್ವೆಟರ್ ಬಿಟ್ಟು ಮನೇಲಿದ್ದ ತೆಳು ಸಿಂಥೆಟಿಕ್ ಫುಲ್ ತೋಳಿನ ಟೀ ಶರ್ಟ್ ಮಧ್ಯಕ್ಕೆ ಹಾಕಿದೆ. ಹಳೇ ಸಾಕ್ಸ್ ಕತ್ತರಿಸಿ ಮಣಿಕಟ್ಟಿಗೆ ಏರಿಸಿದೆ, ಉಣ್ಣೆ ಗ್ಲೌಸ್ ಮೇಲೆ ದೊಡ್ಡ ಸೈಜಿನ ತೆಳು ಹೊರಗವಸು.

ಮೊದಲ ದಿನ ಬಾಗಿಲಲ್ಲಿ ನಿಂತಾಗ ವಾಪಸ್ ಹೋಗಿ ಸ್ವೆಟರ್ ಹಾಕ್ಕೊಂಡು ಬರೋಣ ಅಂತ ಎರಡು ಸಲ ತಿರುಗಿದೆ, ಹೋಗಲಿಲ್ಲ. ಏಳನೇ ನಿಮಿಷಕ್ಕೆ ಚಳಿ ಹೋಯ್ತು. ಏರಿನ ಮುಂಚೆನೇ ಜಿಪ್ ಇಳಿಸಿದೆ. ತುದೀಲಿ ಕೈ ಒಳಗೆ ಹಾಕಿ ಬೆನ್ನು ಮುಟ್ಟಿ ನೋಡಿದ್ರೆ ಹಸಿ ಇತ್ತು ಅಷ್ಟೆ, ತೊಪ್ಪೆ ಆಗಿರಲಿಲ್ಲ. ಎದೆಗೆ ಎರಡು ಹಾಳೆ ಪೇಪರೂ ಇಟ್ಟೆ, ಜಿಪ್ ಮೇಲಕ್ಕೆ ಎಳೆದು ಕಾಲು ಆಡಿಸ್ತಾ ಇಳಿದೆ. ಕೆಳಗೆ ಬಂದಾಗ ಹಲ್ಲು ಸುಮ್ಮನಿತ್ತು, ಬ್ರೇಕ್ ಬೆರಳಿಗೆ ಸಿಗ್ತಿತ್ತು. ಮನೆಗೆ ಬಂದು ಬಕಲ್ ನಾನೇ ಬಿಚ್ಚಿದೆ.

ಕಾಲು ಮಾತ್ರ ಇನ್ನೂ ಸರಿ ಇಲ್ಲ. ಟೇಪ್ ಅಂಟಿಸಿದ ಮೇಲೆ ಎಡಗಾಲು ಪರವಾಗಿಲ್ಲ, ಬಲಗಾಲಿನ ಕಿರುಬೆರಳು ಇನ್ನೂ ಮರಗಟ್ಟುತ್ತೆ.

ಹಳೇ_ಚೈನ್:

ಬಹಳ ಖುಷಿ ಆಯ್ತು ಓದಿ. ಒಂದೇ ಕಾಲು ಅಂದ್ರೆ ಚಳಿಗಿಂತ ಬಿಗಿ ಇರಬೇಕು. ಬಹಳ ಜನಕ್ಕೆ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುತ್ತೆ. ಸಂಜೆ ಹೊತ್ತು, ಪಾದ ಸ್ವಲ್ಪ ಉಬ್ಬಿರೋವಾಗ, ಅದೇ ಉಣ್ಣೆ ಸಾಕ್ಸ್ ಹಾಕ್ಕೊಂಡು ಬಲಗಾಲು ಪೇಪರ್ ಮೇಲಿಟ್ಟು ಸುತ್ತ ಪೆನ್ಸಿಲಲ್ಲಿ ಗೆರೆ ಎಳೀರಿ, ಅದರ ಮೇಲೆ ಶೂನ ಅಟ್ಟೆ ಇಟ್ಟು ನೋಡಿ. ಕಿರುಬೆರಳ ಹತ್ರ ಗೆರೆ ಅಟ್ಟೆಯಿಂದ ಆಚೆ ಹೋಗಿದ್ರೆ ಕವರ್ ಕೊಳ್ಳೋ ಮುಂಚೆ ಆ ಶೂ ಬದಲಾಯಿಸಿ. ಅಲ್ಲಿವರೆಗೆ ಬಲಗಾಲಿನ ಮುಂದಿನ ಲೇಸ್ ಎರಡು ತೂತು ಬಿಟ್ಟು ಕಟ್ಟಿ ಓಡಿಸಿ ನೋಡಿ, ಏನಾಯ್ತು ಅಂತ ಬರೀರಿ.